ಬಿಲ್ವಿದ್ಯೆ ಮತ್ತು ಶ್ರಾವಕಧರ್ಮ – ಚಾವುಂಡರಾಯನ ಬಾಣ ಕಲಿಸುವ ಪಾಠ



ಶ್ರವಣಬೆಳಗೊಳದ ಯಾತ್ರೆಗೆ ಹೋದವರು ಚಿಕ್ಕಬೆಟ್ಟದ ಮೇಲೆ ನಿಂತು ಎದುರಿನ ದೊಡ್ಡಬೆಟ್ಟವನ್ನು ನೋಡುವಾಗ, ಹಿರಿಯರು ಕಿರಿಯರಿಗೆ ಒಂದು ಕಥೆಯನ್ನು ತಪ್ಪದೆ ಹೇಳುವುದು ವಾಡಿಕೆ. ಗಂಗರಾಜರ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಇಲ್ಲಿಂದಲೇ ಬಾಣ ಬಿಟ್ಟನು. ಅದು ತಗುಲಿದ ಬಂಡೆಯಲ್ಲಿ ಗೊಮ್ಮಟಸ್ವಾಮಿಯ ರೂಪ ಕಂಡಿತು ಎಂಬುದು ಆ ಕಥೆ. ಕೇಳಿದ ಮಕ್ಕಳಲ್ಲಿ ಜಾಣರಾದವರ ಮನಸ್ಸಿನಲ್ಲಿ ಆಗ ಒಂದು ಪ್ರಶ್ನೆ ಏಳುವುದು ಸಹಜ: “ನಾವು ಇರುವೆಯನ್ನೂ ತುಳಿಯಬಾರದು, ನೀರನ್ನೂ ಸೋಸಿ ಕುಡಿಯಬೇಕು ಎನ್ನುತ್ತೀರಿ. ಹಾಗಿದ್ದರೆ ಬಿಲ್ಲು ಹಿಡಿದು ಯುದ್ಧ ಮಾಡಿದ ಚಾವುಂಡರಾಯನು ಶ್ರೇಷ್ಠ ಶ್ರಾವಕನು ಹೇಗಾದನು?”

ಈ ಪ್ರಶ್ನೆಯನ್ನು ಗದರಿಸಿ ಸುಮ್ಮನಾಗಿಸುವುದು ಸುಲಭ. ಆದರೆ ಉತ್ತರ ದೊರೆಯದ ಮಗು ಮುಂದೆ ಎರಡರಲ್ಲಿ ಒಂದು ತಪ್ಪು ತೀರ್ಮಾನಕ್ಕೆ ಬರುತ್ತದೆ. ಅಹಿಂಸೆಯು ಪುಸ್ತಕದ ಮಾತು, ಬಾಳಿಗೆ ಬಾರದು ಎಂದು ಒಂದು. ಅಹಿಂಸೆಯೆಂದರೆ ಕೈಲಾಗದವರ ಧರ್ಮ ಎಂದು ಇನ್ನೊಂದು. ಈ ಎರಡೂ ನಮ್ಮ ಆಗಮಕ್ಕೂ ಇತಿಹಾಸಕ್ಕೂ ಒಪ್ಪುವ ಮಾತುಗಳಲ್ಲ. ಆದ್ದರಿಂದ ಪ್ರಾಚೀನರ ಬಿಲ್ವಿದ್ಯೆ ಎಂತಹುದಾಗಿತ್ತು, ಅದರಲ್ಲಿ ನೈಪುಣ್ಯವೆಂದರೆ ಏನು, ನಮ್ಮ ಪೂರ್ವಿಕರು ಆ ವಿದ್ಯೆಗೆ ಯಾವ ಎಲ್ಲೆಯನ್ನು ಹಾಕಿಕೊಂಡರು ಎಂಬುದನ್ನು ಈ ಮಹೋತ್ಸವದ ಸಂದರ್ಭದಲ್ಲಿ ಸ್ವಾಧ್ಯಾಯದ ರೂಪದಲ್ಲಿ ಪರಿಶೀಲಿಸೋಣ.

ಆದಿನಾಥಸ್ವಾಮಿಯು ಕಲಿಸಿದ ವಿದ್ಯೆ

ಭೋಗಭೂಮಿಯು ಕಳೆದು ಕರ್ಮಭೂಮಿಯು ಆರಂಭವಾದಾಗ ಕಲ್ಪವೃಕ್ಷಗಳು ಮರೆಯಾದವು. ಬದುಕುವ ದಾರಿ ತಿಳಿಯದೆ ಪ್ರಜೆಗಳು ಕಂಗೆಟ್ಟರು. ಆಗ ಆದಿನಾಥಸ್ವಾಮಿಯು ಅಸಿ, ಮಷಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಷಟ್ಕರ್ಮಗಳನ್ನು ಉಪದೇಶಿಸಿದನೆಂದು ಪುರಾಣಗಳು ಹೇಳುತ್ತವೆ. ಇಲ್ಲಿ ‘ಅಸಿ’ ಎಂದರೆ ಶಸ್ತ್ರಧಾರಣೆಯಿಂದ ಮಾಡುವ ರಕ್ಷಣಾಕಾರ್ಯ. ಲೇಖನಿ, ನೇಗಿಲು, ತಕ್ಕಡಿಗಳ ಜೊತೆಗೆ ಶಸ್ತ್ರವನ್ನೂ ಗೃಹಸ್ಥರ ವೃತ್ತಿಗಳಲ್ಲಿ ಒಂದಾಗಿ ಎಣಿಸಲಾಗಿದೆ ಎಂಬುದನ್ನು ನಾವು ಗಮನಿಸಬೇಕು.

ಒಂಬತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಗುರುಗಳಾಗಿದ್ದ ಜಿನಸೇನಾಚಾರ್ಯರು ತಮ್ಮ ‘ಆದಿಪುರಾಣ’ದಲ್ಲಿ ಸ್ವಾಮಿಯು ತನ್ನ ಮಕ್ಕಳಿಗೆ ವಿದ್ಯೆಗಳನ್ನು ಹಂಚಿದ ಬಗೆಯನ್ನು ವಿವರಿಸಿದ್ದಾರೆ. ಬ್ರಾಹ್ಮಿಗೆ ಲಿಪಿ, ಸುಂದರಿಗೆ ಅಂಕ, ಭರತನಿಗೆ ಅರ್ಥಶಾಸ್ತ್ರ ಮತ್ತು ನಾಟ್ಯಶಾಸ್ತ್ರ. ಹಾಗೆಯೇ ಬಾಹುಬಲಿಗೆ ಆಯುರ್ವೇದ, ಗಜಾಶ್ವಶಾಸ್ತ್ರ, ರತ್ನಪರೀಕ್ಷೆ ಮೊದಲಾದುವುಗಳೊಡನೆ ಧನುರ್ವೇದವನ್ನು ಬೋಧಿಸಿದನು. ದೊಡ್ಡಬೆಟ್ಟದ ಮೇಲೆ ಕೈಗಳನ್ನು ಇಳಿಬಿಟ್ಟು ನಿಂತಿರುವ ಸ್ವಾಮಿಯೇ ಬಿಲ್ವಿದ್ಯೆಯನ್ನು ಸಾಕ್ಷಾತ್ ಆದಿತೀರ್ಥಂಕರನಿಂದ ಕಲಿತವನು! ಆತನ ತ್ಯಾಗವು ಅಶಕ್ತನ ತ್ಯಾಗವಲ್ಲವೆಂಬುದು ಇಲ್ಲಿಯೇ ಸ್ಪಷ್ಟವಾಗುತ್ತದೆ.

ಬಿಲ್ಲು ಮತ್ತು ಅಂಬಿನ ರಚನೆ

ನೋಡಲು ಸರಳವಾದರೂ ಬಿಲ್ಲು ಬಹಳ ತಿಳಿವಳಿಕೆಯಿಂದ ರೂಪುಗೊಂಡ ಸಾಧನ. ಕೌಟಿಲ್ಯನ ‘ಅರ್ಥಶಾಸ್ತ್ರ’ವು ಆಯುಧಾಗಾರದ ವಿಚಾರವನ್ನು ಹೇಳುವಾಗ ತಾಳೆಮರ, ಬಿದಿರು, ಗಟ್ಟಿಮರ, ಕೊಂಬು ಎಂಬ ನಾಲ್ಕು ವಸ್ತುಗಳಿಂದ ಬಿಲ್ಲುಗಳನ್ನು ಮಾಡುತ್ತಿದ್ದರೆಂದು ತಿಳಿಸುತ್ತದೆ. ಹೆದೆಗೆ ಮೂರ್ವೆ, ಎಕ್ಕ, ಸೆಣಬು ಮೊದಲಾದ ಗಿಡಗಳ ನಾರನ್ನಾಗಲಿ, ಪ್ರಾಣಿಗಳ ಸ್ನಾಯುವನ್ನಾಗಲಿ ಬಳಸುತ್ತಿದ್ದರು. ಅಂಬಿನ ಅಲಗುಗಳು ಕಬ್ಬಿಣ, ಎಲುಬು, ಮರಗಳಿಂದ ಆಗುತ್ತಿದ್ದವು. ಅವುಗಳಲ್ಲಿ ಕತ್ತರಿಸುವವು, ಸೀಳುವವು, ಬಡಿಯುವವು ಎಂಬ ಭೇದಗಳಿದ್ದವು.

ಕೊಂಬಿನ ಬಿಲ್ಲಿಗೆ ಶಾರ್ಙ್ಗವೆಂದು ಹೆಸರು. ಮರ, ಕೊಂಬು, ಸ್ನಾಯುಗಳನ್ನು ಅಂಟಿನಿಂದ ಬೆಸೆದು ಮಾಡುವ ಬಿಲ್ಲಿನಲ್ಲಿ, ಬಿಲ್ಲಾಳಿನ ಕಡೆಗಿರುವ ಒಳಮೈಗೆ ಕೊಂಬಿನ ಪಟ್ಟಿ, ಹೊರಮೈಗೆ ಸ್ನಾಯುವಿನ ಪದರ. ಬಿಲ್ಲನ್ನು ಬಾಗಿಸಿದಾಗ ಒಳಮೈ ಒತ್ತಡಕ್ಕೆ ಸಿಲುಕುತ್ತದೆ, ಹೊರಮೈ ಸೆಳೆತಕ್ಕೆ ಸಿಲುಕುತ್ತದೆ. ಒತ್ತಡವನ್ನು ಕೊಂಬು ಚೆನ್ನಾಗಿ ತಾಳುತ್ತದೆ, ಸೆಳೆತವನ್ನು ಸ್ನಾಯು ಚೆನ್ನಾಗಿ ತಾಳುತ್ತದೆ. ಆದ್ದರಿಂದ ಇಂತಹ ಬಿಲ್ಲು ಗಿಡ್ಡದಾಗಿದ್ದರೂ ಬಲವಾಗಿರುತ್ತಿತ್ತು. ಕುದುರೆಯ ಮೇಲಿನಿಂದಲೂ ಬಳಸಲು ಅನುಕೂಲವಾಗುತ್ತಿತ್ತು. ಆದರೆ ಅಂಟು ಒಣಗಿ ಪದರಗಳು ಹದಗೊಳ್ಳಲು ತಿಂಗಳುಗಟ್ಟಲೆ ಕಾಯಬೇಕು. ತೇವದ ಹವೆಯಲ್ಲಿ ಅಂಟು ಸಡಿಲಗೊಂಡು ಬಿಲ್ಲು ಕೆಡುವ ಭಯವೂ ಉಂಟು. ಮಳೆ ಹೆಚ್ಚಾಗಿರುವ ಮಲೆನಾಡುಗಳಲ್ಲಿ ಬಿದಿರಿನ ಬಿಲ್ಲೇ ಹೆಚ್ಚು ಬಳಕೆಯಲ್ಲಿ ಉಳಿದುದು ಅಚ್ಚರಿಯಲ್ಲ.

ಅಂಬಿನ ಹಿಂಬದಿಗೆ ಕಟ್ಟುವ ಗರಿಗಳು ಅಲಂಕಾರಕ್ಕಾಗಿ ಅಲ್ಲ. ಹಾರುವ ಅಂಬಿನ ಹಿಂಭಾಗ ಅತ್ತಿತ್ತ ಓಲಾಡದಂತೆ ಅವು ಗಾಳಿಯಲ್ಲಿ ಹಿಡಿದು ನಿಲ್ಲಿಸುತ್ತವೆ. ಗರಿಯಿಲ್ಲದ ಅಂಬು ಗುರಿಗೆ ನೇರವಾಗಿ ಮುಟ್ಟಲಾರದು. ಹದ್ದು, ಕೊಕ್ಕರೆಗಳ ಗರಿಗಳ ಪ್ರಸ್ತಾಪ ಪ್ರಾಚೀನ ಗ್ರಂಥಗಳಲ್ಲಿ ಮತ್ತೆ ಮತ್ತೆ ಬರುತ್ತದೆ.

ಇಲ್ಲಿ ಶ್ರಾವಕರು ಯೋಚಿಸಬೇಕಾದ ಒಂದು ಅಂಶವಿದೆ. ಕೊಂಬು, ಸ್ನಾಯು, ಎಲುಬು, ಗರಿ ಇವೆಲ್ಲವೂ ಜೀವಿಗಳ ದೇಹದಿಂದ ಬಂದವು. ಅಂಬು ಶತ್ರುವಿನ ಮೈಗೆ ತಾಗುವುದಕ್ಕೆ ಮೊದಲೇ, ಆಯುಧವು ಸಿದ್ಧವಾಗುವ ಹಂತದಲ್ಲಿಯೇ, ಹಿಂಸೆಯ ಸಂಪರ್ಕ ಆರಂಭವಾಗಿರುತ್ತದೆ. ಶಸ್ತ್ರವನ್ನು ವೃತ್ತಿಯೆಂದು ಒಪ್ಪಿದ ನಮ್ಮ ಶಾಸ್ತ್ರಕಾರರು ಅದನ್ನು ನಿರ್ದೋಷವೆಂದು ಎಂದೂ ಕರೆಯಲಿಲ್ಲ.

ಅಭ್ಯಾಸ ಮತ್ತು ನೈಪುಣ್ಯ

ಖಡ್ಗವನ್ನಾಗಲಿ ಈಟಿಯನ್ನಾಗಲಿ ಕೆಲವು ತಿಂಗಳಲ್ಲಿ ತಕ್ಕಮಟ್ಟಿಗೆ ಕಲಿಯಬಹುದು. ಯುದ್ಧಕ್ಕೆ ಯೋಗ್ಯನಾದ ಬಿಲ್ಲಾಳು ಮಾತ್ರ ಬಾಲ್ಯದಿಂದಲೇ ಸಿದ್ಧನಾಗಬೇಕು. ಬಲವಾದ ಬಿಲ್ಲನ್ನು ಕಿವಿಯವರೆಗೆ ಸೆಳೆದು, ನಡುಗದೆ ನಿಂತು, ಮತ್ತೆ ಮತ್ತೆ ಎಸೆಯುವುದಕ್ಕೆ ಬೆನ್ನು, ಹೆಗಲು, ತೋಳುಗಳು ವರ್ಷಾನುಗಟ್ಟಲೆ ಹದಗೊಳ್ಳಬೇಕಾಗುತ್ತದೆ. ‘ಅಗ್ನಿಪುರಾಣ’ದಲ್ಲಿ ಸೇರಿರುವ ಧನುರ್ವೇದದ ಅಧ್ಯಾಯಗಳು ಸಮಪಾದ, ವೈಶಾಖ, ಮಂಡಲ, ಆಲೀಢ, ಪ್ರತ್ಯಾಲೀಢ ಮೊದಲಾದ ನಿಲುವುಗಳಿಂದಲೇ ಪಾಠವನ್ನು ಆರಂಭಿಸುತ್ತವೆ. ಮೊದಲು ಕಾಲು, ಆಮೇಲೆ ಕೈ, ಕೊನೆಗೆ ಕಣ್ಣು ಎಂಬ ಕ್ರಮದಲ್ಲಿ ಶಿಷ್ಯನು ಮುಂದುವರಿಯುತ್ತಿದ್ದನು.

ಎಡಗೈಯ ಮುಂದೋಳಿಗೆ ಹೆದೆಯ ಏಟು ತಗಲದಂತೆ ಉಡದ ಚರ್ಮದ ಕವಚವನ್ನೂ, ಬೆರಳುಗಳಿಗೆ ಅಂಗುಲಿತ್ರಾಣವನ್ನೂ ಕಟ್ಟಿಕೊಳ್ಳುತ್ತಿದ್ದರು. ಏಕಲವ್ಯನಿಂದ ದ್ರೋಣನು ಹೆಬ್ಬೆರಳನ್ನೇ ಕೇಳಿದ ಕಥೆಯು ಹೆದೆಯನ್ನು ಸೆಳೆಯುವಲ್ಲಿ ಆ ಬೆರಳಿಗಿದ್ದ ಸ್ಥಾನವನ್ನು ಸೂಚಿಸುತ್ತದೆ. ಚಲಿಸುವ ಗುರಿ, ತಿರುಗುವ ಗುರಿ, ಕಾಣದೆ ಶಬ್ದದಿಂದಲೇ ಹೊಡೆಯಬೇಕಾದ ಗುರಿ ಹೀಗೆ ಅಭ್ಯಾಸವು ಹಂತಹಂತವಾಗಿ ಕಠಿಣವಾಗುತ್ತಿತ್ತು. ಹನ್ನೆರಡನೆಯ ಶತಮಾನದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು ರಾಜರ ವಿನೋದಗಳನ್ನು ವರ್ಣಿಸುವಾಗ ಶಸ್ತ್ರವಿದ್ಯೆಯ ಪ್ರದರ್ಶನಕ್ಕೂ ಸ್ಥಾನ ನೀಡಿದೆ.

ಧನುರ್ವೇದದ ಆಚಾರ್ಯರು ಆಯುಧಗಳನ್ನು ವಿಭಾಗಿಸಿದ ಕ್ರಮವೂ ಅರ್ಥಪೂರ್ಣವಾಗಿದೆ. ಕೈಯಿಂದ ಎಸೆಯುವುದು ಮುಕ್ತ. ಕೈಬಿಡದೆ ಹೋರಾಡುವ ಖಡ್ಗ ಮೊದಲಾದುದು ಅಮುಕ್ತ. ಎರಡು ರೀತಿಯಲ್ಲಿಯೂ ಬಳಸಬಹುದಾದುದು ಮುಕ್ತಾಮುಕ್ತ. ಯಂತ್ರದಿಂದ ಬಿಡುವುದು ಯಂತ್ರಮುಕ್ತ. ಬಿಲ್ಲಿನಿಂದ ಹೊರಟ ಅಂಬು ಈ ಕೊನೆಯ ವರ್ಗಕ್ಕೆ ಸೇರುತ್ತದೆ. ಎತ್ತಿದ ಖಡ್ಗವನ್ನು ಕೊನೆಯ ಗಳಿಗೆಯಲ್ಲಿಯೂ ತಡೆಯಬಹುದು. ಹೆದೆಯನ್ನು ಬಿಟ್ಟ ಅಂಬನ್ನು ತಡೆಯಲಾಗದು. ಆದ್ದರಿಂದ ಬಿಲ್ಲಾಳಿನ ವಿವೇಕವೆಲ್ಲವೂ ಅಂಬನ್ನು ಬಿಡುವುದಕ್ಕೆ ಮೊದಲೇ ಕೆಲಸ ಮಾಡಿರಬೇಕು.

ವ್ಯಾಸಭಾರತದ ಸೌಪ್ತಿಕಪರ್ವದ ಒಂದು ಪ್ರಸಂಗವು ಇದನ್ನೇ ಇನ್ನೊಂದು ಬಗೆಯಲ್ಲಿ ಹೇಳುತ್ತದೆ. ಅಶ್ವತ್ಥಾಮನೂ ಅರ್ಜುನನೂ ದಿವ್ಯಾಸ್ತ್ರಗಳನ್ನು ಬಿಟ್ಟಾಗ ಲೋಕಕ್ಕೆ ಕೇಡು ಬರುವುದೆಂದು ಋಷಿಗಳು ಅವನ್ನು ಹಿಂದೆಗೆದುಕೊಳ್ಳುವಂತೆ ಕೇಳುತ್ತಾರೆ. ಸಂಯಮಿಯಾದ ಅರ್ಜುನನು ತನ್ನ ಅಸ್ತ್ರವನ್ನು ಉಪಸಂಹಾರ ಮಾಡುತ್ತಾನೆ. ಅಶ್ವತ್ಥಾಮನಿಗೆ ಬಿಡುವುದು ತಿಳಿದಿತ್ತೇ ಹೊರತು ಹಿಂದೆಗೆದುಕೊಳ್ಳುವುದು ಸಾಧ್ಯವಾಗಲಿಲ್ಲ. ಇಬ್ಬರೂ ಒಬ್ಬನೇ ಗುರುವಿನ ಶಿಷ್ಯರು. ಆದರೆ ವಿದ್ಯೆಯನ್ನು ಪೂರ್ಣವಾಗಿ ಅರಿತವನು ಯಾರೆಂಬುದು ಆ ಕ್ಷಣದಲ್ಲಿ ತಿಳಿಯಿತು.

ಯುದ್ಧಭೂಮಿಯಲ್ಲಿ

ಭಾರತದ ಬಿಲ್ಲಾಳುಗಳ ಶಕ್ತಿಯನ್ನು ವಿದೇಶೀಯರೂ ದಾಖಲಿಸಿದ್ದಾರೆ. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸನ ಬರವಣಿಗೆಯನ್ನು ಆಧರಿಸಿ ಏರಿಯನ್ ಎಂಬ ಗ್ರೀಕ್ ಇತಿಹಾಸಕಾರನು ಹೇಳುವಂತೆ, ಇಲ್ಲಿಯ ಕಾಲಾಳುಗಳ ಬಿಲ್ಲು ಆಳೆತ್ತರವಾಗಿತ್ತು. ಅದರ ತುದಿಯನ್ನು ನೆಲಕ್ಕೆ ಊರಿ, ಎಡಗಾಲಿನಿಂದ ಒತ್ತಿ ಹಿಡಿದು, ಹೆದೆಯನ್ನು ಹಿಂದಕ್ಕೆ ಸೆಳೆದು ಎಸೆಯುತ್ತಿದ್ದರು. ಅಂಬು ಸುಮಾರು ಮೂರು ಮೊಳದಷ್ಟು ಉದ್ದ. ಗುರಾಣಿಯಾಗಲಿ ಎದೆಗವಚವಾಗಲಿ ಅದನ್ನು ತಡೆಯುತ್ತಿರಲಿಲ್ಲ.

ಇಷ್ಟಾದರೂ ಕ್ರಿ.ಪೂ. 326ರಲ್ಲಿ ಝೀಲಂ ನದಿಯ ದಡದಲ್ಲಿ ನಡೆದ ಯುದ್ಧದಲ್ಲಿ ಪೌರವ ರಾಜನ ಸೇನೆಯು ಸೋತಿತು. ಮಳೆಯಿಂದ ನೆಲ ಕೆಸರಾಗಿದ್ದುದರಿಂದ ರಥಗಳು ಹೂತುಹೋದವು. ಜಾರುವ ನೆಲದಲ್ಲಿ ಬಿಲ್ಲನ್ನು ಊರಿ ನಿಲ್ಲಿಸುವುದು ಕಷ್ಟವಾಯಿತೆಂದು ಕರ್ಟಿಯಸ್ ಎಂಬ ಲೇಖಕನು ಬರೆದಿದ್ದಾನೆ. ಎಂತಹ ನೈಪುಣ್ಯವೂ ನೆಲ, ಜಲ, ಗಾಳಿಗಳಿಗೆ ಅಧೀನವೆಂಬುದಕ್ಕೆ ಇದೊಂದು ನಿದರ್ಶನ.

ನೆಲವು ಅನುಕೂಲವಾದಾಗ ಬಿಲ್ಲು ಏನು ಮಾಡಬಲ್ಲದೆಂಬುದಕ್ಕೆ ನಮ್ಮ ವಯನಾಡಿನಲ್ಲಿಯೇ ಉದಾಹರಣೆ ಇದೆ. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಪಳಶ್ಶಿ ರಾಜನು ಹೋರಾಡುತ್ತಿದ್ದ ಕಾಲದಲ್ಲಿ ಈ ಕಾಡುಗಳ ಕುರಿಚ್ಯ ಜನರು ಅವನ ಬಲವಾಗಿದ್ದರು. 1802ರ ಅಕ್ಟೋಬರ್ 11ರಂದು ತಲಕ್ಕಲ್ ಚಂದು ಮತ್ತು ಎಡಚ್ಚೆನ ಕುಂಕನ್ ಇವರ ನಾಯಕತ್ವದಲ್ಲಿ ಸುಮಾರು 150 ಮಂದಿ ಕುರಿಚ್ಯ ಬಿಲ್ಲಾಳುಗಳು ಪನಮರದ ಕಂಪನಿ ಠಾಣ್ಯವನ್ನು ಹಠಾತ್ತಾಗಿ ಮುತ್ತಿ ವಶಪಡಿಸಿಕೊಂಡರು. ಬಂದೂಕು ಹಿಡಿದಿದ್ದ ಸೈನಿಕರ ಎದುರು ಬಿಲ್ಲು ಗೆದ್ದಿತು. ಬಿಲ್ಲಿಗೆ ಸದ್ದಿಲ್ಲ, ಹೊಗೆಯಿಲ್ಲ. ಒಮ್ಮೆ ಹೊಡೆದ ಮೇಲೆ ಮತ್ತೆ ಮದ್ದು ತುಂಬುತ್ತ ಕಾಯಬೇಕಾಗಿಲ್ಲ. ದಟ್ಟವಾದ ಕಾಡಿನಲ್ಲಿ ಇವೆಲ್ಲವೂ ದೊಡ್ಡ ಅನುಕೂಲಗಳು. ಆದರೂ ಆ ಗೆಲುವು ಬಹುಕಾಲ ಉಳಿಯಲಿಲ್ಲ. 1805ರಲ್ಲಿ ಚಂದುವೂ ಪಳಶ್ಶಿ ರಾಜನೂ ಪ್ರಾಣ ಕಳೆದುಕೊಂಡರು. ಬಂದೂಕನ್ನು ಸಾಮಾನ್ಯ ಮನುಷ್ಯನಿಗೂ ಸ್ವಲ್ಪ ಕಾಲದಲ್ಲಿ ಕಲಿಸಬಹುದಾಗಿತ್ತು; ಒಬ್ಬ ಬಿಲ್ಲಾಳನ್ನು ಕಳೆದುಕೊಂಡರೆ ಇನ್ನೊಬ್ಬನನ್ನು ಬೆಳೆಸಲು ಒಂದು ತಲೆಮಾರು ಬೇಕಾಗಿತ್ತು. ಲೋಕದ ಯುದ್ಧಗಳಿಂದ ಬಿಲ್ಲು ಮರೆಯಾಗಲು ಇದೊಂದು ಮುಖ್ಯ ಕಾರಣ.

ಇದೇ ಜಿಲ್ಲೆಯ ಸುಲ್ತಾನ್ ಬತ್ತೇರಿಯ ಪ್ರಾಚೀನ ಜಿನಾಲಯವನ್ನು ಟಿಪ್ಪು ಸುಲ್ತಾನನ ಸೇನೆಯು ಮದ್ದುಗುಂಡುಗಳ ಉಗ್ರಾಣವಾಗಿ ಬಳಸಿತೆಂದೂ, ಊರಿಗೆ ಆ ಹೆಸರು ಬಂದುದು ಅದರಿಂದಲೇ ಎಂದೂ ಹೇಳುತ್ತಾರೆ. ಶಾಂತಿಯ ನೆಲೆಯೂ ಯುದ್ಧದ ಕೈಯಿಂದ ತಪ್ಪಿಸಿಕೊಳ್ಳಲಾರದೆಂಬುದನ್ನು ಆ ಕಲ್ಲಿನ ಗೋಡೆಗಳು ಕಂಡಿವೆ. ಯುದ್ಧವು ಬೇಡವೆಂದರೂ ಬಾಗಿಲಿಗೆ ಬರುತ್ತದೆ. ಆಗ ಶ್ರಾವಕನು ಏನು ಮಾಡಬೇಕು?

ಹಿಂಸೆಯ ನಾಲ್ಕು ಬಗೆ

ಇದಕ್ಕೆ ಉತ್ತರವಾಗಿ ನಮ್ಮ ವಿದ್ವಾಂಸರು ಹಿಂಸೆಯನ್ನು ನಾಲ್ಕು ಬಗೆಯಾಗಿ ವಿಂಗಡಿಸಿ ತಿಳಿಸುತ್ತಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವುದು ಸಂಕಲ್ಪೀ ಹಿಂಸೆ. ಅಡುಗೆ, ಗುಡಿಸುವಿಕೆ ಮೊದಲಾದ ಮನೆಗೆಲಸಗಳಲ್ಲಿ ಆಗುವುದು ಆರಂಭೀ ಹಿಂಸೆ. ವ್ಯವಸಾಯ, ವ್ಯಾಪಾರಾದಿ ವೃತ್ತಿಗಳಲ್ಲಿ ಆಗುವುದು ಉದ್ಯೋಗೀ ಹಿಂಸೆ. ತನ್ನನ್ನು, ತನ್ನ ಆಶ್ರಿತರನ್ನು, ಧರ್ಮವನ್ನು, ದೇಶವನ್ನು ಆಕ್ರಮಣದಿಂದ ಕಾಪಾಡುವಾಗ ಆಗುವುದು ವಿರೋಧೀ ಹಿಂಸೆ. ಮಹಾವ್ರತಿಗಳಾದ ಮುನಿಗಳು ನಾಲ್ಕನ್ನೂ ತ್ಯಜಿಸುತ್ತಾರೆ. ಅಣುವ್ರತಿಯಾದ ಗೃಹಸ್ಥನು ಮೊದಲನೆಯದನ್ನು ಸಂಪೂರ್ಣವಾಗಿ ತ್ಯಜಿಸಬೇಕು. ಉಳಿದ ಮೂರನ್ನು ಎಚ್ಚರದಿಂದ, ಸಾಧ್ಯವಾದಷ್ಟು ಕಡಿಮೆ ಮಾಡುತ್ತ ಹೋಗಬೇಕು.

ಇದನ್ನು ಯುದ್ಧಕ್ಕೆ ಕೊಟ್ಟ ಪರವಾನಗಿಯೆಂದು ಯಾರೂ ಭಾವಿಸಬಾರದು. ವಿರೋಧೀ ಹಿಂಸೆಯೂ ಹಿಂಸೆಯೇ. ಅದರ ಕರ್ಮಬಂಧ ತಪ್ಪುವುದಿಲ್ಲ. ಪ್ರಮಾದದಿಂದ, ಕಷಾಯದಿಂದ ಕೂಡಿದ ಮನಸ್ಸಿನಿಂದ ಪ್ರಾಣಹಾನಿ ಮಾಡುವುದೇ ಹಿಂಸೆಯೆಂಬುದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಆದ್ದರಿಂದ ಬಿಲ್ಲು ಹಿಡಿದವನ ಕೈಯನ್ನು ನೋಡುವುದಕ್ಕೆ ಮೊದಲು ಅವನ ಮನಸ್ಸನ್ನು ನೋಡಬೇಕಾಗುತ್ತದೆ. ಕೋಪ, ಮಾನ, ಮಾಯೆ, ಲೋಭಗಳು ಹೆದೆಯನ್ನು ಸೆಳೆದರೆ ರಕ್ಷಣೆಯ ಹೆಸರು ಹೇಳಿದ ಮಾತ್ರಕ್ಕೆ ಆ ಬಾಣ ಶುದ್ಧವಾಗದು.

ಕ್ರಿ.ಶ. 959ರಲ್ಲಿ ‘ಯಶಸ್ತಿಲಕ’ವನ್ನು ಮುಗಿಸಿದ ಸೋಮದೇವಸೂರಿಗಳು ರಾಜರಿಗೆ ಈ ಎಲ್ಲೆಯನ್ನು ಸ್ಪಷ್ಟವಾಗಿ ತೋರಿಸಿದ್ದಾರೆ. ರಣದಲ್ಲಿ ಶಸ್ತ್ರ ಹಿಡಿದು ಎದುರಾದವನ ಮೇಲೆ, ಅಥವಾ ನಾಡಿಗೆ ಕಂಟಕನಾದವನ ಮೇಲೆ ಮಾತ್ರ ರಾಜನ ಶಸ್ತ್ರವು ಏಳಬೇಕು. ದೀನರ ಮೇಲೆ, ಸದ್ಭಾವದವರ ಮೇಲೆ ಅಲ್ಲ ಎಂಬುದು ಅವರ ಮಾತಿನ ತಾತ್ಪರ್ಯ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಐದು ಅನರ್ಥದಂಡಗಳಲ್ಲಿ ಹಿಂಸಾದಾನವನ್ನೂ ಸೇರಿಸಿದೆ. ಅಂದರೆ ಹಿಂಸೆಯ ಸಾಧನಗಳಾದ ಆಯುಧ, ವಿಷ, ಬೆಂಕಿ ಮೊದಲಾದುವನ್ನು ನಿಷ್ಪ್ರಯೋಜನವಾಗಿ ಇತರರಿಗೆ ಒದಗಿಸುವುದೂ ದೋಷವೇ. ತಾನು ಅಂಬು ಬಿಡದಿದ್ದರೂ, ಅಂಬನ್ನು ತಪ್ಪು ಕೈಗೆ ಕೊಟ್ಟವನು ಪಾಪದಿಂದ ಹೊರಗುಳಿಯಲಾರನು.

ಭರತೇಶನ ಅಂಬು

ಪುರಾಣದ ಒಂದು ಪ್ರಸಂಗವನ್ನು ಈ ಬೆಳಕಿನಲ್ಲಿ ಓದಬೇಕು. ದಿಗ್ವಿಜಯಕ್ಕೆ ಹೊರಟ ಭರತ ಚಕ್ರವರ್ತಿಯು ಪೂರ್ವಸಮುದ್ರವನ್ನು ಮುಟ್ಟಿದಾಗ, ಅಜಿತಂಜಯವೆಂಬ ರಥದಲ್ಲಿ ಹನ್ನೆರಡು ಯೋಜನ ಒಳಸರಿದು, ವಜ್ರಕಾಂಡವೆಂಬ ಬಿಲ್ಲಿನಿಂದ ಅಮೋಘವೆಂಬ ಅಂಬನ್ನು ಮಾಗಧದೇವನ ನೆಲೆಯತ್ತ ಬಿಟ್ಟನು. ಅಂಬು ಆತನ ಅರಮನೆಯಲ್ಲಿ ಬಿದ್ದಿತು. ಮೊದಲು ಕೆರಳಿದ ಮಾಗಧದೇವನು, ಅಂಬಿನ ಮೇಲಿದ್ದ ಚಕ್ರಿಯ ಹೆಸರಿನ ಅಕ್ಷರಗಳನ್ನು ಆಪ್ತರು ಓದಿ ತಿಳಿಸಿದ ಮೇಲೆ ಶಾಂತನಾಗಿ, ಕಾಣಿಕೆಗಳೊಡನೆ ಬಂದು ನಮಿಸಿದನು. ಅಲ್ಲಿ ಅಂಬು ಓಲೆಯ ಕೆಲಸವನ್ನು ಮಾಡಿತು. ಒಂದು ಜೀವವೂ ಬೀಳಲಿಲ್ಲ.

ಆದರೆ ಈ ಗೆಲುವುಗಳು ಭರತನಲ್ಲಿ ಮಾನಕಷಾಯವನ್ನು ಬೆಳೆಸಿದವು. ವೃಷಭಾಚಲದ ಶಿಲೆಯ ಮೇಲೆ ತನ್ನ ಹೆಸರನ್ನು ಕೆತ್ತಿಸಹೊರಟಾಗ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಅದು ತುಂಬಿಹೋಗಿರುವುದನ್ನು ಕಂಡು ಅವನ ಗರ್ವ ಕುಗ್ಗಿತು. ಮುಂದೆ ಪೋದನಪುರದಲ್ಲಿ ತಮ್ಮನೊಡನೆ ಯುದ್ಧವೊದಗಿದಾಗ, ಎರಡು ಸೇನೆಗಳ ಅಸಂಖ್ಯ ಜೀವಗಳು ಅಳಿಯಬಾರದೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳೆಂಬ ಮೂರು ಧರ್ಮಯುದ್ಧಗಳನ್ನು ಸೂಚಿಸಿದರು. ಧನುರ್ವೇದವನ್ನು ಬಲ್ಲ ಬಾಹುಬಲಿಯು ಬಿಲ್ಲನ್ನು ಮುಟ್ಟದೆಯೇ ಮೂರರಲ್ಲಿಯೂ ಗೆದ್ದನು. ಗೆದ್ದ ಮೇಲೆ ರಾಜ್ಯವನ್ನೇ ತೊರೆದು ತಪಸ್ಸಿಗೆ ನಿಂತನು.

ಈ ಕಥೆಯನ್ನು ಕನ್ನಡಕ್ಕೆ ತಂದ ಪಂಪನು ತಾನೂ ರಣವನ್ನು ಕಂಡವನು. 941ರ ಸುಮಾರಿಗೆ ಅವನು ‘ಆದಿಪುರಾಣ’ವನ್ನೂ, ಬಿಲ್ಲಾಳುಗಳಲ್ಲಿ ಅಗ್ರಗಣ್ಯನಾದ ಅರ್ಜುನನನ್ನು ನಾಯಕನನ್ನಾಗಿ ಮಾಡಿಕೊಂಡ ‘ವಿಕ್ರಮಾರ್ಜುನವಿಜಯ’ವನ್ನೂ ರಚಿಸಿದನು. ಅವನ ಆಶ್ರಯದಾತ ಅರಿಕೇಸರಿಯ ರಾಜಧಾನಿ ಇಂದಿನ ತೆಲಂಗಾಣದ ವೇಮುಲವಾಡ. ವಿಜಯದ ಕಾವ್ಯವನ್ನೂ ವಿರಕ್ತಿಯ ಕಾವ್ಯವನ್ನೂ ಒಬ್ಬನೇ ಜೈನಕವಿಯು ಬರೆದುದು ನಮ್ಮ ಪರಂಪರೆಯ ಸ್ವಭಾವವನ್ನು ತೋರಿಸುತ್ತದೆ.

ಚಾವುಂಡರಾಯನ ಬಾಣ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಚಾವುಂಡರಾಯನು ಗಂಗ ದೊರೆಗಳಾದ ಇಮ್ಮಡಿ ಮಾರಸಿಂಹ ಮತ್ತು ನಾಲ್ಕನೆಯ ರಾಚಮಲ್ಲರ ಕಾಲದಲ್ಲಿ ಅಧಿಕಾರದಲ್ಲಿದ್ದನು. ಗೋನೂರಿನ ಬಯಲಲ್ಲಿ ನೊಳಂಬರೊಡನೆ ಹೋರಾಡಿ ‘ವೀರಮಾರ್ತಂಡ’ನೆಂದೂ, ಉಚ್ಚಂಗಿ ಕೋಟೆಯ ಯುದ್ಧದಿಂದ ‘ರಣರಂಗಸಿಂಗ’ನೆಂದೂ ಬಿರುದುಗಳನ್ನು ಪಡೆದನು. ಅದೇ ವ್ಯಕ್ತಿಗೆ ‘ಸತ್ಯಯುಧಿಷ್ಠಿರ’, ‘ಸಮ್ಯಕ್ತ್ವರತ್ನಾಕರ’, ‘ಶೌಚಾಭರಣ’ ಎಂಬ ಬಿರುದುಗಳೂ ಇದ್ದವು. 978ರಲ್ಲಿ ತ್ರಿಷಷ್ಟಿಲಕ್ಷಣ ಮಹಾಪುರಾಣವನ್ನು ಕನ್ನಡ ಗದ್ಯದಲ್ಲಿ ಬರೆದನು. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ಪಾದದಡಿ ಕುಳಿತು ಸಿದ್ಧಾಂತವನ್ನು ಕಲಿತನು. ರಣದ ಬಿರುದು ಮತ್ತು ಗುಣದ ಬಿರುದು ಎರಡನ್ನೂ ಹೊತ್ತ ಈ ಶ್ರಾವಕನು ಎರಡನೆಯದನ್ನೇ ತನ್ನ ಗುರಿಯಾಗಿ ಇಟ್ಟುಕೊಂಡನು.

ಅವನ ಒಡೆಯನಾದ ಮಾರಸಿಂಹನ ಜೀವನವೂ ಇದೇ ದಾರಿಯದು. ಅನೇಕ ಯುದ್ಧಗಳನ್ನು ಗೆದ್ದ ಆ ರಾಜನು 974ರ ಸುಮಾರಿಗೆ ರಾಜ್ಯವನ್ನು ತ್ಯಜಿಸಿ, ಬಂಕಾಪುರದಲ್ಲಿ ಅಜಿತಸೇನಾಚಾರ್ಯರ ಸನ್ನಿಧಿಯಲ್ಲಿ ಮೂರು ದಿನಗಳ ಸಲ್ಲೇಖನವ್ರತದಿಂದ ದೇಹವನ್ನು ಬಿಟ್ಟನು. ಚಿಕ್ಕಬೆಟ್ಟದ ಕೂಗೆ ಬ್ರಹ್ಮದೇವರ ಕಂಬದ ಶಾಸನವು ಅವನ ವಿಜಯಗಳನ್ನೂ ಈ ಸಮಾಧಿಯನ್ನೂ ಒಟ್ಟಿಗೆ ಹೇಳುತ್ತದೆ. ನಮ್ಮ ನಾಡುಗಳಲ್ಲಿ ಹೋರಾಡಿ ಮಡಿದವನಿಗೆ ವೀರಗಲ್ಲು, ಸಲ್ಲೇಖನದಿಂದ ಮುಡಿಪಿದವನಿಗೆ ನಿಷಿಧಿಗಲ್ಲು. ವೀರಗಲ್ಲುಗಳಲ್ಲಿ ಬಿಲ್ಲು ಸೆಳೆದು ನಿಂತ ವೀರರನ್ನು ಕಾಣುತ್ತೇವೆ. ನಿಷಿಧಿಗಲ್ಲುಗಳಲ್ಲಿ ಜಿನಬಿಂಬದ ಎದುರು ಕೈಮುಗಿದು ಕುಳಿತವರನ್ನು ಕಾಣುತ್ತೇವೆ. ಮೊದಲನೆಯದಕ್ಕೆ ಅರ್ಹನಾಗಿದ್ದ ಅರಸನು ಎರಡನೆಯದನ್ನು ಆರಿಸಿಕೊಂಡನು.

ಗೊಮ್ಮಟಮೂರ್ತಿಯ ಉದ್ಭವದ ಕಥೆಯನ್ನು ನಂತರದ ಕಾವ್ಯಗಳೂ ಸ್ಥಳಪುರಾಣಗಳೂ ಹೀಗೆ ಹೇಳುತ್ತವೆ. ಪೋದನಪುರದಲ್ಲಿ ಭರತನು ಮಾಡಿಸಿದ ಬಾಹುಬಲಿಯ ಮೂರ್ತಿಯನ್ನು ಕಾಣಬೇಕೆಂದು ತಾಯಿ ಕಾಳಲಾದೇವಿಯು ನಿಯಮ ಹಿಡಿದಳು. ತಾಯಿಯೊಡನೆ ಹೊರಟ ಚಾವುಂಡರಾಯನು ದಾರಿಯಲ್ಲಿ ಚಂದ್ರಗಿರಿಯಲ್ಲಿ ತಂಗಿದಾಗ ಯಕ್ಷಿಯು ಕನಸಿನಲ್ಲಿ ಕಾಣಿಸಿಕೊಂಡು, ಎದುರಿನ ಬೆಟ್ಟಕ್ಕೆ ಚಿನ್ನದ ಬಾಣವನ್ನು ಬಿಡು, ಸ್ವಾಮಿಯ ದರ್ಶನವಾಗುವುದು ಎಂದಳು. ಬೆಳಗಾಗುತ್ತಲೇ ಶುಚಿರ್ಭೂತನಾಗಿ ಬಾಣ ಬಿಟ್ಟನು. ಬಂಡೆಯಲ್ಲಿ ಸ್ವಾಮಿಯ ರೂಪ ಮೂಡಿತು. ಶಿಲ್ಪಿಗಳು ಅದನ್ನು ಬಿಡಿಸಿದರು. 981ರಲ್ಲಿ ಸುಮಾರು 58 ಅಡಿ ಎತ್ತರದ ಆ ಮೂರ್ತಿಗೆ ಪ್ರತಿಷ್ಠೆ ನೆರವೇರಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಈ ಕಥೆಯನ್ನು ಪವಾಡವೆಂದು ನಂಬುವವರು ನಂಬಲಿ, ಸಂಕೇತವೆಂದು ತಿಳಿಯುವವರು ಹಾಗೆಯೇ ತಿಳಿಯಲಿ; ಅದರ ತಿರುಳು ಒಂದೇ. ಜನರು ಈ ಸೇನಾಪತಿಯ ನೂರು ರಣಬಾಣಗಳನ್ನು ಮರೆತರು. ಯಾರನ್ನೂ ಕೊಲ್ಲದ ಒಂದೇ ಬಾಣವನ್ನು ಸಾವಿರ ವರ್ಷಗಳಿಂದ ನೆನೆಯುತ್ತಿದ್ದಾರೆ. ಆ ಬಾಣವು ಗುರಿಮಾಡಿದ್ದು ಶಸ್ತ್ರವನ್ನು ಬಲ್ಲವನಾಗಿಯೂ ಶಸ್ತ್ರವನ್ನು ತೊರೆದ ಸ್ವಾಮಿಯನ್ನು.

ಇಂದಿನ ನಮಗೆ

ನಮ್ಮ ಕುಟುಂಬಗಳ ಯುವಕ ಯುವತಿಯರಲ್ಲಿ ಕೆಲವರು ಇಂದು ಸೇನೆ, ಪೊಲೀಸ್, ಅರಣ್ಯರಕ್ಷಣೆ ಮೊದಲಾದ ಸೇವೆಗಳನ್ನು ಸೇರಲು ಬಯಸುತ್ತಾರೆ. “ಜೈನರಾದ ನಮಗೆ ಇದು ತಕ್ಕದ್ದೇ?” ಎಂಬ ಸಂಕೋಚ ಅವರಿಗೂ ಮನೆಯ ಹಿರಿಯರಿಗೂ ಇರುತ್ತದೆ. ಷಟ್ಕರ್ಮಗಳ ಉಪದೇಶವೂ ಚಾವುಂಡರಾಯನ ಬಾಳೂ ಅವರಿಗೆ ಧೈರ್ಯ ಕೊಡುತ್ತವೆ. ಆದರೆ ಜೊತೆಯಲ್ಲಿಯೇ ಹೊಣೆಯನ್ನೂ ಹೊರಿಸುತ್ತವೆ. ಆಯುಧವು ರಕ್ಷಣೆಗೆ ಮಾತ್ರ, ದೀನನ ಮೇಲೆ ಏಳಬಾರದು, ಕೋಪದಲ್ಲಿ ಏಳಬಾರದು, ಬೇರೆ ದಾರಿ ಇರುವವರೆಗೆ ಏಳಬಾರದು, ಎದ್ದುದಕ್ಕಾಗಿ ಪ್ರತಿಕ್ರಮಣದಲ್ಲಿ ಮನಸ್ಸು ಕರಗಬೇಕು. ಈ ನಿಯಮಗಳನ್ನು ಉಳಿಸಿಕೊಂಡವನು ಸಮವಸ್ತ್ರದಲ್ಲಿಯೂ ಶ್ರಾವಕನೇ. ಇವನ್ನು ಬಿಟ್ಟವನು ಅಂಗಡಿಯಲ್ಲಿ ತಕ್ಕಡಿ ಹಿಡಿದು ಕುಳಿತಿದ್ದರೂ ಅಹಿಂಸಕನಲ್ಲ.

ಗೊಮ್ಮಟಸ್ವಾಮಿಯ ಪಾದಗಳ ಬಳಿ ಈ ಮೂರ್ತಿಯನ್ನು ಚಾವುಂಡರಾಯನು ಮಾಡಿಸಿದನೆಂಬ ಮಾತನ್ನು ಕನ್ನಡ, ತಮಿಳು, ಮರಾಠಿ ಮೂರು ಭಾಷೆಗಳಲ್ಲಿ ಕೆತ್ತಲಾಗಿದೆ. ಅಲ್ಲಿಯ ಮರಾಠಿ ಬರಹವನ್ನು ಆ ಭಾಷೆಯ ಹಳೆಯ ಶಾಸನಗಳಲ್ಲಿ ಒಂದೆಂದು ವಿದ್ವಾಂಸರು ಎಣಿಸುತ್ತಾರೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲಯಾಳ, ನೆಂಟರೊಡನೆ ತಮಿಳು, ತುಳು, ಮರಾಠಿಗಳನ್ನಾಡುವ ನಮ್ಮಂತಹವರಿಗೆ ಅದು ಬಹಳ ಹತ್ತಿರದ ಶಾಸನ. ಸೇನಾಪತಿಯ ಹೆಸರು ಮೂರು ನಾಡಿನ ಜನರಿಗೆ ತಲುಪಿದ್ದು ಗೆದ್ದ ಕೋಟೆಗಳಿಂದಲ್ಲ, ಆ ಪಾದಗಳಿಂದ.

ಪಾಠಶಾಲೆಯ ಮಕ್ಕಳಿಗೂ ಮನೆಯ ಸ್ವಾಧ್ಯಾಯಕ್ಕೂ ಕೆಲವು ಪ್ರಶ್ನೆಗಳು

1. ಷಟ್ಕರ್ಮಗಳು ಯಾವುವು? ಅವುಗಳಲ್ಲಿ ಅಸಿಯನ್ನು ಸೇರಿಸಿದುದೇಕೆ?
2. ಮುಕ್ತ, ಅಮುಕ್ತ ಆಯುಧಗಳಿಗೆ ಇರುವ ಭೇದವೇನು? ನಾವು ಆಡುವ ಮಾತು ಯಾವ ವರ್ಗಕ್ಕೆ ಸೇರುತ್ತದೆ?
3. ಹಿಂಸೆಯ ನಾಲ್ಕು ಬಗೆಗಳಿಗೆ ನಿಮ್ಮ ಮನೆಯ ಒಂದು ದಿನದ ಬದುಕಿನಿಂದ ಉದಾಹರಣೆ ಕೊಡಿ.
4. ಭರತನ ಅಂಬು ಮತ್ತು ಚಾವುಂಡರಾಯನ ಬಾಣ, ಇವೆರಡರಲ್ಲಿ ಸಮಾನವಾದುದೇನು, ಭೇದವೇನು?
5. ಬಾಹುಬಲಿಸ್ವಾಮಿಗೆ ಬಿಲ್ವಿದ್ಯೆ ತಿಳಿಯದೇ ಇದ್ದಿದ್ದರೆ ಆತನ ತ್ಯಾಗದ ಅರ್ಥವು ಇಷ್ಟೇ ದೊಡ್ಡದಾಗಿರುತ್ತಿತ್ತೇ? ಹಿರಿಯರೊಡನೆ ಚರ್ಚಿಸಿರಿ.

ಜೈ ಜಿನೇಂದ್ರ.